ಒಂದಿಲ್ಲಿ, ಇನ್ನೊಂದಲ್ಲಿ

ಇವತ್ತು ಬೆಳಿಗ್ಗೆ ಸೊಪ್ಪಿನವಳ ಜೊತೆ ಐದು ರೂಪಾಯಿಗೆ ಜಗಳ ಆಡುತ್ತಿದ್ದೆ. ಒಂದು ಕಟ್ಟು ದಂಟಿನ ಸೊಪ್ಪಿಗೆ ಇಪ್ಪತ್ತೈದು ಅಂದಳು. ಗೇಟಿನ ಆಚೆ ನಿಂತು, ಸೊಂಟಕ್ಕೆ ಕೈ ಕೊಟ್ಟು, "ಮೊನ್ನೆ ಇಪ್ಪತ್ತಕ್ಕೆ ಕೊಟ್ಟಿದ್ದೆಯಲ್ಲ, ಎರಡು ದಿನದಲ್ಲಿ ನಿನ್ನ ಸೊಪ್ಪಿಗೆ ಚಿನ್ನದ ಬೇರು ಬಂತಾ?" ಅಂತ ದಬಾಯಿಸಿದೆ. ಮಾಮೂಲಿನಂತಾದರೆ ಈ ಹೊತ್ತಿಗೆ ಅವಳೂ ಬುಟ್ಟಿ ಕೆಳಗಿಳಿಸಿ ತಯಾರಾಗುತ್ತಾಳೆ. ಇವತ್ತು ಮಾತೇ ಇಲ್ಲ. ನನ್ನ ಮುಖ ಬಿಟ್ಟು ಪಾದ ನೋಡುತ್ತಿದ್ದಾಳೆ.

"ಅಕ್ಕಾ, ನಿಮ್ ಚಪ್ಲಿ ಮ್ಯಾಲೆ ಏನೋ ಬರ್ದದೆ."

ಬಗ್ಗಿ ನೋಡಿದೆ. ಎಡಗಾಲಿನ ಪಟ್ಟಿಯ ಮೇಲೆ 'ಬಚ್ಚ', ಬಲಗಾಲಿನದರ ಮೇಲೆ 'ಲು'. ಕಪ್ಪು ಮಾರ್ಕರ್ ಪೆನ್ನು, ನಮ್ಮ ಮನೆಯವರ ದುಂಡು ಅಕ್ಷರ. ಬ್ಯಾಂಕಿನ ಲೆಡ್ಜರಿನಲ್ಲಿ ಮೂವತ್ತು ವರ್ಷ ಪಳಗಿದ ಕೈ, ಬೇರೆ ಏನೋ ಇರಬಹುದು ಎಂದು ಓದಿಕೊಳ್ಳಲು ದಾರಿಯೇ ಇಲ್ಲ. ಬಚ್ಚಲ ಚಪ್ಪಲಿ ಮೆಟ್ಟಿಕೊಂಡು ಬೀದಿಯಲ್ಲಿ ನಿಂತವಳಿಗೆ ಚೌಕಾಸಿ ಮಾಡುವ ಯೋಗ್ಯತೆ ಎಲ್ಲಿ ಉಳಿಯುತ್ತದೆ? ಇಪ್ಪತ್ತೈದು ಕೊಟ್ಟು ಒಳಗೆ ಬಂದೆ.

ಇದಕ್ಕೆಲ್ಲ ಕಾರಣ ಜಪಾನ್. ಸರಿಯಾಗಿ ಹೇಳಬೇಕೆಂದರೆ ಜಪಾನಿನ ಒಂದು ಬೆಟ್ಟ. ಇನ್ನೂ ಸರಿಯಾಗಿ ಹೇಳಬೇಕೆಂದರೆ ಆ ಬೆಟ್ಟದ ಮೇಲಿನ ಒಂದು ಮಠದ ಟಾಯ್ಲೆಟ್ಟು. ಅಲ್ಲಿಗೆ ಆಮೇಲೆ ಬರುತ್ತೇನೆ.

ಮಗಳು ಒಸಾಕಾದಲ್ಲಿ ಕೆಲಸಕ್ಕಿದ್ದಾಳೆ. ಹೋದ ನವೆಂಬರಿನಲ್ಲಿ ನಮ್ಮನ್ನು ಕರೆಸಿಕೊಂಡಿದ್ದಳು. ಹತ್ತು ದಿನ ಕಳೆಯುವ ಹೊತ್ತಿಗೆ ನಮ್ಮ ಮನೆಯವರು ಗೊಜ್ಜವಲಕ್ಕಿ, ಚಟ್ನಿಪುಡಿ, ಬಾಳೆಹಣ್ಣಿನ ಮೇಲೆ ಉಸಿರು ಹಿಡಿದುಕೊಂಡಿದ್ದರು. ಅಲ್ಲಿನ ಸಾರಿಗೆಲ್ಲ ಒಣಮೀನಿನ ರಸ ಬೀಳುತ್ತದೆ ಎಂದು ಯಾರೋ ಹೇಳಿದ ಮೇಲೆ ಇವರು ಬಿಸಿನೀರನ್ನೂ ಮೂಸಿ ನೋಡಿ ಕುಡಿಯುತ್ತಿದ್ದರು. ಆಗ ಮಗಳು, "ಅಪ್ಪಾ, ಕೋಯಾಸಾನ್ ಅಂತ ಒಂದು ಬೆಟ್ಟ ಇದೆ. ಮೇಲೆ ನೂರಕ್ಕೂ ಹೆಚ್ಚು ಮಠ, ದೇವಸ್ಥಾನ. ರಾತ್ರಿ ಅಲ್ಲೇ ಉಳ್ಕೊಬಹುದು. ಸ್ವಾಮಿಗಳೇ ಊಟ ಹಾಕ್ತಾರೆ. ಮಾಂಸ ಮೀನು ಇರಲಿ, ಈರುಳ್ಳಿ ಬೆಳ್ಳುಳ್ಳಿ ಕೂಡ ಇರಲ್ಲ" ಅಂದಳು. ಈರುಳ್ಳಿ ಇಲ್ಲ ಎಂಬ ಮಾತು ಕೇಳಿದ್ದೇ ಇವರು ಎದ್ದು ಸ್ವೆಟರ್ ಹುಡುಕತೊಡಗಿದರು.

ಬೆಟ್ಟ ಹತ್ತುವ ಮೊದಲು ಇವರ ಒಂದು ಅಭ್ಯಾಸ ಹೇಳಿಬಿಡಬೇಕು. ದೇವಸ್ಥಾನಕ್ಕೆ ಹೋದರೆ ಎರಡು ಚಪ್ಪಲಿಯನ್ನೂ ಒಂದೇ ಕಡೆ ಬಿಡುವವರಲ್ಲ. ಎಡಗಾಲಿನದು ಹಣ್ಣುಕಾಯಿ ಅಂಗಡಿಯ ಬೆಂಚಿನ ಕೆಳಗೆ. ಬಲಗಾಲಿನದು ಅಲ್ಲಿಂದ ಇಪ್ಪತ್ತು ಮಾರು ದೂರ, ಈಡುಗಾಯಿ ಒಡೆಯುವ ಕಲ್ಲಿನ ಹಿಂದೆ. "ಜೋಡಿ ಇದ್ದರೆ ತಾನೇ ಕಳ್ಳನಿಗೆ ಉಪಯೋಗ? ಒಂಟಿ ಚಪ್ಪಲಿ ಕದ್ದು ಏನು ಮಾಡ್ತಾನೆ, ಕುಂಟಿಕೊಂಡು ಓಡ್ತಾನಾ?" ಚಾಮುಂಡಿ ಬೆಟ್ಟ, ಕೊಲ್ಲೂರು, ಶೃಂಗೇರಿ, ಎಲ್ಲಿ ಹೋದರೂ ಇದೇ. ಐವತ್ತು ರೂಪಾಯಿಯ ಹವಾಯಿ ಚಪ್ಪಲಿಗೂ ಇದೇ ಭದ್ರತೆ. ಗರ್ಭಗುಡಿಯ ಮುಂದೆ ಕಣ್ಣು ಮುಚ್ಚಿ ಕೈ ಮುಗಿದು ನಿಂತಾಗ ತುಟಿ ಅಲ್ಲಾಡುತ್ತಿರುತ್ತದೆ. ಮದುವೆಯಾದ ಹೊಸತರಲ್ಲಿ ಏನೋ ಸ್ತೋತ್ರ ಅಂದುಕೊಂಡಿದ್ದೆ. ಹತ್ತಿರ ಹೋಗಿ ಕೇಳಿದರೆ, "ಎಡ ಬೆಂಚು, ಬಲ ಕಲ್ಲು. ಎಡ ಬೆಂಚು, ಬಲ ಕಲ್ಲು."

ಮೂವತ್ತೆಂಟು ವರ್ಷದಲ್ಲಿ ಒಂದು ಜೊತೆಯೂ ಕಳುವಾಗಿಲ್ಲ ಎಂದು ಎದೆ ತಟ್ಟಿಕೊಳ್ಳುತ್ತಾರೆ. ನಿಜ, ಜೊತೆ ಕಳುವಾಗಿಲ್ಲ. ಒಂಟಿ ಕಳೆದಿವೆ, ಮೂರು. ಇವರೇ ಎಲ್ಲಿಟ್ಟೆ ಎಂದು ಮರೆತು. ಉಡುಪಿಯ ರಥಬೀದಿಯಲ್ಲಿ ಏಪ್ರಿಲ್ ತಿಂಗಳ ನಡುಮಧ್ಯಾಹ್ನ ಒಂದು ಕಾಲಿಗೆ ಚಪ್ಪಲಿ, ಇನ್ನೊಂದು ಕಾಲು ಗಾಳಿಯಲ್ಲಿ, ಹಾರಿ ಹಾರಿ ಹುಡುಕುತ್ತಿದ್ದರೆ ಒಂದು ಪುಟ್ಟ ಹುಡುಗ ಕುಂಟಾಬಿಲ್ಲೆ ಎಂದುಕೊಂಡು ಹಿಂದೆಯೇ ಹಾರತೊಡಗಿದ. ಉಳಿದುಕೊಂಡ ಆ ಮೂರು ವಿಧುರ ಚಪ್ಪಲಿಗಳು ಇವತ್ತಿಗೂ ನಮ್ಮ ಅಟ್ಟದ ಮೇಲಿವೆ. ಬಿಸಾಡಲು ಬಿಡುವುದಿಲ್ಲ. "ಜೊತೆಯದು ಸಿಕ್ಕಿಬಿಟ್ಟರೆ?"

ಒಸಾಕಾಗೆ ಕಾಲಿಟ್ಟ ದಿನವೇ ಮಗಳು ಹೇಳಿದ್ದಳು, ಇಲ್ಲಿ ಯಾರೂ ಏನೂ ಕದಿಯಲ್ಲ ಅಪ್ಪ, ಪರ್ಸ್ ಬಿದ್ದುಹೋದರೂ ಪೊಲೀಸ್ ಚೌಕಿಗೆ ತಂದು ಕೊಡ್ತಾರೆ ಅಂತ. ಇವರು ಯೋಚಿಸಿ, "ಪರ್ಸ್ ಬೇರೆ, ಚಪ್ಪಲಿ ಬೇರೆ" ಅಂದರು.

ಸರಿ, ಹೊರಟೆವು. ಒಸಾಕಾದ ನಂಬಾ ಸ್ಟೇಷನ್ನಿನಿಂದ ರೈಲು. ಕೊನೆಯ ನಿಲ್ದಾಣದ ಹೆಸರು ಗೋಕುರಾಕುಬಾಶಿ, ಎಂದರೆ ಸುಖಲೋಕದ ಸೇತುವೆ. ಅಲ್ಲಿಂದ ಕೇಬಲ್ ಕಾರು, ಐದು ನಿಮಿಷದಲ್ಲಿ ಮುನ್ನೂರು ಮೀಟರಿಗೂ ಹೆಚ್ಚು ಎತ್ತರಕ್ಕೆ ಎಳೆದು ಹಾಕುತ್ತದೆ. ಅದರಿಂದಿಳಿದರೆ ಬಸ್ಸು, ಆ ರಸ್ತೆಯಲ್ಲಿ ನಡೆಯುವ ಹಾಗಿಲ್ಲ. "ಸುಖಲೋಕಕ್ಕೆ ಹೋಗೋಕೂ ಮೂರು ಕಡೆ ಗಾಡಿ ಬದಲಾಯಿಸಬೇಕಾ?" ಎಂದರು ಇವರು. ಬಸ್ಸು ಊರೊಳಗೆ ಹೋಗುವ ಬಾಗಿಲಲ್ಲಿ ಒಂದು ಪುಟ್ಟ ಗುಡಿ ದಾಟುತ್ತದೆ, ನ್ಯೋನಿಂದೋ. ಹೆಂಗಸರ ಮಂಟಪ. 1872ರವರೆಗೆ ಹೆಂಗಸರಿಗೆ ಬೆಟ್ಟದೊಳಗೆ ಪ್ರವೇಶ ಇರಲಿಲ್ಲ, ಅಲ್ಲೇ ಕೂತು ಕೈ ಮುಗಿದು ವಾಪಸು. ಕೇಳಿ ಸಿಟ್ಟು ಬಂತು. ಆಮೇಲೆ ಯೋಚಿಸಿದೆ, ಆ ಕಾಲದಲ್ಲಿ ಬಂದಿದ್ದರೆ ನಾನು ಇಲ್ಲಿ ಕಾಲು ಚಾಚಿ ಕೂತಿರುತ್ತಿದ್ದೆ, ಇವರೊಬ್ಬರೇ ಒಳಗೆ ಹೋಗಿ ಎರಡೂ ಕಾಲಿನದು ಕಳೆದುಕೊಂಡು ಬರುತ್ತಿದ್ದರು.

ಮಗಳು ನಮ್ಮಿಬ್ಬರಿಗೂ ನಡೆಯಲು ಒಳ್ಳೆಯ ಬೂಟು ಕೊಡಿಸಿದ್ದಳು, ಲೇಸ್ ಕಟ್ಟುವಂಥದ್ದು. ಬೆಟ್ಟ ಹತ್ತುವುದಕ್ಕೆ ಸರಿ. ಆದರೆ ಈ ಬೆಟ್ಟದಲ್ಲಿ ಹತ್ತುವುದಕ್ಕಿಂತ ಬಿಚ್ಚುವುದೇ ಹೆಚ್ಚು. ಪ್ರತಿ ಗುಡಿಯ ಮೆಟ್ಟಿಲಲ್ಲೂ ಕೂರು, ಗಂಟು ಬಿಚ್ಚು, ಒಳಗೆ ಹೋಗು, ಹೊರಗೆ ಬಾ, ಕೂರು, ಗಂಟು ಕಟ್ಟು. ನನ್ನ ಮಂಡಿಗೆ ಒಂದು ಸಲ ಕೂರುವುದೇ ಸಣ್ಣ ಸಮಾರಂಭ. ಅದರಲ್ಲಿ ಇವರ ಕಾರ್ಯಕ್ರಮ ಬೇರೆ: ಬಿಚ್ಚಿದ ಮೇಲೆ ಒಂದನ್ನು ಮೆಟ್ಟಿಲಿನ ಈ ಕೊನೆಗೆ, ಇನ್ನೊಂದನ್ನು ಆ ಕೊನೆಗೆ.

ಕೊಂಪೊನ್ ದೈತೋ ಎಂಬ ಕೆಂಪು ಗೋಪುರ ನೋಡಿದೆವು. 48.5 ಮೀಟರ್ ಎತ್ತರ. ಸುಟ್ಟು ಸುಟ್ಟು ಮತ್ತೆ ಕಟ್ಟಿದ್ದು, ಈಗಿರುವುದು 1937ರದು. ಒಳಗೆ ನಡುವೆ ಬಂಗಾರದ ಬಣ್ಣದ ದೈನಿಚಿ, ಅಂದರೆ ನಮ್ಮ ಸಂಸ್ಕೃತದ ಮಹಾವೈರೋಚನ ಬುದ್ಧ. ಸುತ್ತ ನಾಲ್ಕು ಬುದ್ಧರು, ಕಂಬಗಳ ಮೇಲೆ ಬೋಧಿಸತ್ವರ ಚಿತ್ರ. ಇಡೀ ಮಂಡಲದ ಒಳಗೇ ನಾವು ನಿಂತ ಹಾಗೆ. ನಾನು ಬಾಯಿ ತೆರೆದು ಮೇಲೆ ನೋಡುತ್ತಿದ್ದರೆ ಇವರು ವೈರೋಚನನಿಗೆ ಬೆನ್ನು ಹಾಕಿ ಬಾಗಿಲ ಕಡೆ ನೋಡುತ್ತಿದ್ದರು.

ಪಕ್ಕದಲ್ಲಿ ಒಂದು ಪೈನ್ ಮರ. ಈ ಬೆಟ್ಟವನ್ನು ಮಠಕ್ಕಾಗಿ ದೊರೆಯಿಂದ 816ರಲ್ಲಿ ಪಡೆದ ಕೂಕೈ ಎಂಬ ಮಹಾಗುರು, ಅದಕ್ಕೂ ಮೊದಲು ಚೀನಾದಲ್ಲಿ ಓದು ಮುಗಿಸಿ ಹೊರಡುವಾಗ ಅಲ್ಲಿನ ದಡದಿಂದ ತಮ್ಮ ವಜ್ರವನ್ನು, ಹರಳಲ್ಲ, ಪೂಜೆಯಲ್ಲಿ ಕೈಯಲ್ಲಿ ಹಿಡಿಯುವ ವಜ್ರಾಯುಧದಂಥದ್ದನ್ನು, ಎಸೆದರಂತೆ. ಅದು ಸಮುದ್ರ ದಾಟಿ ಬಂದು ಈ ಮರಕ್ಕೆ ಸಿಕ್ಕಿಕೊಂಡಿತಂತೆ. ಆ ವಜ್ರಕ್ಕೆ ಮೂರು ಮೊನೆ ಇದ್ದ ಹಾಗೆ ಈ ಮರದ ಸೂಜಿ ಎಲೆಗಳೂ ಮೂರು ಮೂರರ ಗೊಂಚಲು. ಉದುರಿದ ಮೂರೆಳೆ ಸಿಕ್ಕಿದರೆ ಅದೃಷ್ಟ. ದೊಡ್ಡ ದೊಡ್ಡವರೆಲ್ಲ ಕುಕ್ಕರಗಾಲಲ್ಲಿ ಕೂತು ನೆಲ ಕೆದಕುತ್ತಿದ್ದರು. ಇವರೂ ಕೂತರು. ಎರಡರ ಜೋಡಿಯನ್ನೇ ಹುಡುಕಲಾರದ ಮನುಷ್ಯ ಮೂರರ ಗೊಂಚಲು ಹುಡುಕುತ್ತಾ ಕಾಲು ಗಂಟೆ! ಕೊನೆಗೆ ನನಗೇ ಸಿಕ್ಕಿತು. ಈಗ ಅದು ಅವರ ಪರ್ಸಿನಲ್ಲಿದೆ.

ಕೊಂಗೋಬುಜಿ ಎಂಬ ಮುಖ್ಯ ಮಠದಲ್ಲಿ ಮತ್ತೆ ಬೂಟು ಬಿಚ್ಚಿದೆವು. 140 ಬಂಡೆಗಳನ್ನಿಟ್ಟು, ಬಿಳಿ ಮರಳು ಹರಡಿ, ಮೋಡದಲ್ಲಿ ಎರಡು ಡ್ರ್ಯಾಗನ್‌ಗಳಿರುವಂತೆ ಮಾಡಿದ ಅಂಗಳ ಇದೆ, ಚೆನ್ನಾಗಿದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅಡುಗೆಮನೆ. ಸುಮಾರು 2000 ಜನಕ್ಕೆ ಅನ್ನವಾಗುವ ಮೂರು ದೊಡ್ಡ ಹಂಡೆಗಳು, ಹೊಗೆ ಹಿಡಿದು ಕಪ್ಪಾದ ತೊಲೆಗಳು. ಧರ್ಮಸ್ಥಳದ ಅನ್ನಛತ್ರ ನೆನಪಾಯಿತು. ಇವರಿಗೆ ನೆನಪಾದದ್ದು, ಎಡಗಾಲಿನ ಬೂಟು ಯಾವ ಕಪಾಟಿನಲ್ಲಿಟ್ಟೆ ಎಂಬುದು.

ಮೂರು ಗಂಟೆಗೆ ನಾವು ಉಳಿಯಬೇಕಿದ್ದ ಮಠಕ್ಕೆ ಬಂದೆವು. ಬೋಳುತಲೆಯ ಎಳೆಯ ಸ್ವಾಮಿಗಳು, ಇಪ್ಪತ್ತೈದು ದಾಟಿರಲಿಕ್ಕಿಲ್ಲ, ಮಂಡಿಯೂರಿ ನಮಸ್ಕರಿಸಿ ಬರಮಾಡಿಕೊಂಡರು. ಆಮೇಲೆ ಪಾದರಕ್ಷೆಯ ಪಾಠ. ಹೊರಗಿನ ಬೂಟು ಬಾಗಿಲಲ್ಲೇ. ಅಲ್ಲಿಂದ ಪಡಸಾಲೆಗೆ ಅವರು ಕೊಡುವ ಕಂದು ಸ್ಲಿಪ್ಪರ್. ಕೋಣೆಯ ಚಾಪೆ ಮೇಲೆ ಅದೂ ಇಲ್ಲ, ಬರೀ ಕಾಲುಚೀಲ. ಟಾಯ್ಲೆಟ್ಟಿಗೆ ಹೋಗಬೇಕೆಂದರೆ ಕೋಣೆಯ ಬಾಗಿಲಲ್ಲಿ ಕಂದು ಸ್ಲಿಪ್ಪರ್ ಮೆಟ್ಟಿ, ಪಡಸಾಲೆ ದಾಟಿ, ಟಾಯ್ಲೆಟ್ಟಿನ ಬಾಗಿಲಲ್ಲಿ ಅದನ್ನು ಬಿಟ್ಟು, ಒಳಗಿರುವ ಟಾಯ್ಲೆಟ್ ಸ್ಲಿಪ್ಪರಿಗೆ ಕಾಲು ತೂರಿಸಬೇಕು. ಬರುವಾಗ ಇದೇ ಉಲ್ಟಾ. ಮಗಳು ಬೆರಳು ಮಡಚಿ ಮಡಚಿ ಹೇಳಿದಳು: "ಅಮ್ಮಾ, ಟಾಯ್ಲೆಟ್ಟಿಂದು ಹಾಕ್ಕೊಂಡು ಆಚೆ ಬರಬೇಡ. ಮಾನ ಹೋಗತ್ತೆ."

ನನಗೆ ನಗು ಬಂತು. ಅತ್ತೆಯವರ ಮಡಿಯಲ್ಲಿ ಹದಿನೆಂಟು ವರ್ಷ ಸೊಸೆಯಾಗಿ ಪಾಸಾದವಳಿಗೆ ಇದೇನು ಮಹಾ? ಗಳುವಿನ ಮೇಲೆ ಒಣಗಿದ ಮಡಿ ಸೀರೆಯನ್ನು ಕೋಲಿನಿಂದ ತೆಗೆದು, ಹಾಲಿನ ಪಾತ್ರೆ ಮುಟ್ಟಿದ ಕೈ ಯಾವುದು, ಅನ್ನದ ತಪ್ಪಲೆ ಮುಟ್ಟಿದ ಕೈ ಯಾವುದು ಎಂದು ಲೆಕ್ಕ ಇಟ್ಟವಳು ನಾನು. ಅಲ್ಲಿ ಕೈಗಿದ್ದ ಮಡಿ ಇಲ್ಲಿ ಕಾಲಿಗೆ, ಅಷ್ಟೇ. "ನಿಮ್ಮಪ್ಪನಿಗೆ ಹೇಳು" ಅಂದೆ. ಈ ಜಂಬದ ಮಾತು ನೆನಪಿಟ್ಟುಕೊಳ್ಳಿ.

ಕತ್ತಲಾಗುವ ಮುಂಚೆ ಓಕುನೋಇನ್‌ಗೆ ಹೊರಟೆವು. ಎರಡು ಕಿಲೋಮೀಟರ್ ದಾರಿ, ಎರಡೂ ಕಡೆ ಆಕಾಶ ಮುಚ್ಚುವ ಸೀಡರ್ ಮರಗಳು, ಅವುಗಳ ಬುಡದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಸಮಾಧಿ, ಸ್ಮಾರಕ. ಬದುಕಿದ್ದಾಗ ಪರಸ್ಪರ ಕತ್ತಿ ಹಿರಿದ ಹಳೆಯ ಕಾಲದ ಪಾಳೆಯಗಾರರು ತಕೆದಾ ಶಿಂಗೆನ್, ಉಏಸುಗಿ ಕೆನ್‌ಶಿನ್ ಇಬ್ಬರೂ ಇಲ್ಲಿ ನೆರೆಹೊರೆ. ಪಾಚಿ ಹಿಡಿದ ಕಲ್ಲಿನ ಗೋಪುರಗಳಿಗೆ ಐದು ಅಂಕಣ: ಕೆಳಗೆ ಚೌಕ, ಮೇಲೆ ಗುಂಡು, ತ್ರಿಕೋನ, ಅರ್ಧಚಂದ್ರ, ತುದಿಯಲ್ಲಿ ಮೊಗ್ಗು. ಭೂಮಿ, ನೀರು, ಬೆಂಕಿ, ಗಾಳಿ, ಆಕಾಶ. ಪಂಚಭೂತ! ಮೇಲೆ ಕೆತ್ತಿದ್ದು ಸಿದ್ಧಂ ಲಿಪಿ, ನಮ್ಮ ಕಡೆಯಿಂದ ಚೀನಾ ದಾಟಿ ಹೋದದ್ದು. ಇವರು ಕನ್ನಡಕ ಏರಿಸಿ 'ಇದು ಅ ಥರ ಇಲ್ವೇನೇ?' ಎಂದು ಪ್ರತಿ ಸಮಾಧಿಗೂ ನಿಲ್ಲತೊಡಗಿದರು. ಎರಡು ಲಕ್ಷ ಇದೆ, ನಡೀರಿ ಅಂದೆ.

ನಡುದಾರಿಯಲ್ಲಿ ಒಂದು ಪುಟ್ಟ ಬಾವಿ. ಬಗ್ಗಿ ನೋಡಿದಾಗ ಮುಖ ಕಾಣದಿದ್ದರೆ ಮೂರು ವರ್ಷದೊಳಗೆ ಸಾವು ಎಂದು ಪ್ರತೀತಿ. ಬೋರ್ಡ್ ಓದಿ ಮಗಳು ಸುಮ್ಮನಿರಬಹುದಿತ್ತು, ಹೇಳಿಬಿಟ್ಟಳು. ಇವರು ಬಗ್ಗಿದರು. ಬಗ್ಗಿದವರು ಏಳಲಿಲ್ಲ. "ಏನೇ... ಕಾಣಿಸ್ತಿಲ್ವಲ್ಲೇ." ಧ್ವನಿ ಕಂಪಿಸುತ್ತಿತ್ತು. ನೋಡಿದರೆ ಬಗ್ಗುವಾಗ ಬಿದ್ದೀತೆಂದು ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟಿದ್ದಾರೆ! ಹಾಕಿಸಿ ಮತ್ತೆ ಬಗ್ಗಿಸಿದೆ. ಕಾಣಿಸಿತಂತೆ, ಆದರೆ "ಸ್ವಲ್ಪ ಮಸುಕು". ಅಲ್ಲೇ ಮುಂದೆ ಕಾಕುಬಾನ್ ಮೆಟ್ಟಿಲು. ಇಲ್ಲಿ ಎಡವಿ ಬಿದ್ದರೂ ಮೂರೇ ವರ್ಷ. ಇವರ ಬೂಟಿನ ಲೇಸು ಹೇಗಿದ್ದರೂ ಮುಂದಿನ ಗುಡಿಯಲ್ಲಿ ಬಿಚ್ಚಬೇಕಲ್ಲ ಎಂದು ಕಟ್ಟದೆ ಬಿಟ್ಟದ್ದು, ಎರಡು ಬಾಲಗಳ ಹಾಗೆ ಹಿಂದೆ ಎಳೆದುಕೊಂಡು ಬರುತ್ತಿತ್ತು. ನಾನೊಂದು ತೋಳು, ಮಗಳೊಂದು ತೋಳು ಹಿಡಿದು ನವವರನನ್ನು ಮಂಟಪಕ್ಕೆ ಕರೆದೊಯ್ಯುವಂತೆ ಹತ್ತಿಸಿದೆವು.

ಕೊನೆಯ ಸೇತುವೆಯಿಂದಾಚೆ ಫೋಟೋ ತೆಗೆಯುವಂತಿಲ್ಲ. ಹತ್ತು ಸಾವಿರಕ್ಕೂ ಹೆಚ್ಚು ದೀಪಗಳಿರುವ ಒಂದು ಮಂಟಪ, ಅದರ ಹಿಂದೆ ಕೂಕೈ ಇರುವ ಜಾಗ. 'ಇರುವ' ಎಂದೇ ಹೇಳಬೇಕು. 835ರಲ್ಲಿ ಅವರು ತೀರಿಕೊಳ್ಳಲಿಲ್ಲ, ಧ್ಯಾನಕ್ಕೆ ಕೂತರು, ಈಗಲೂ ಕೂತಿದ್ದಾರೆ ಎಂಬುದು ಇಲ್ಲಿನವರ ನಂಬಿಕೆ. ದಿನಾ ಬೆಳಿಗ್ಗೆ ಆರಕ್ಕೂ ಹತ್ತೂವರೆಗೂ ಅವರಿಗೆ ಬಿಸಿಬಿಸಿ ಊಟ ಮರದ ಪೆಟ್ಟಿಗೆಯಲ್ಲಿ ಹೋಗುತ್ತದೆ. ನಮ್ಮವರಿಗೆ ಇದನ್ನು ಎರಡನೇ ಸಲ ವಿವರಿಸಬೇಕಾಗಲಿಲ್ಲ. "ಮಂತ್ರಾಲಯದ ರಾಯರ ಹಾಗೆ. ಬೃಂದಾವನ" ಎಂದು ಅಲ್ಲೇ ಕೈ ಮುಗಿದು ನಿಂತರು. ಕಿವಿಗೊಟ್ಟೆ. ತುಟಿ ಅಲ್ಲಾಡುತ್ತಿರಲಿಲ್ಲ. ಬೂಟು ಕಾಲಲ್ಲೇ ಇತ್ತು.

ವಾಪಸು ಬರುವ ದಾರಿಯಲ್ಲಿ ಕಂಪನಿಗಳ ಸ್ಮಾರಕಗಳಿವೆ. ಗೆದ್ದಲು ಕೊಲ್ಲುವ ಕಸುಬಿನವರು ಸತ್ತ ಗೆದ್ದಲುಗಳಿಗೇ ಕಟ್ಟಿಸಿದ ಒಂದು ಕಲ್ಲೂ ಇದೆ, 'ನೆಮ್ಮದಿಯಾಗಿ ಮಲಗಿ' ಎಂದು ಬರೆದು. ಜಿರಲೆಗೆ ಹಿಟ್ ಹೊಡೆಯುವಾಗೆಲ್ಲ ಈಗ ಅದು ನೆನಪಾಗುತ್ತದೆ.

ದಾರಿಯ ಬದಿಯಲ್ಲಿ ಅಲ್ಲಲ್ಲಿ ಮೊಣಕೈ ಎತ್ತರದ ಜಿಜೋ ಮೂರ್ತಿಗಳು. ಮಕ್ಕಳನ್ನು ಕಾಯುವವನು ಜಿಜೋ. ಕೊರಳಿಗೆ ಕೆಂಪು ಬಟ್ಟೆ, ಎಂಜಲು ಸುರಿಸುವ ಕೂಸಿಗೆ ಕಟ್ಟುವಂಥದ್ದು. ಮಕ್ಕಳನ್ನು ಕಳೆದುಕೊಂಡ ತಾಯಂದಿರು ಕಟ್ಟುತ್ತಾರೆ ಎಂದಳು ಮಗಳು. ಒಂದರ ಪಾದದ ಬಳಿ ಯಾರೋ ಹಾಲುಬಣ್ಣದ ಪುಟ್ಟ ಬೂಟು ಇಟ್ಟು ಹೋಗಿದ್ದರು, ಒಂದು ಜೊತೆ, ಒಂದಕ್ಕೊಂದು ತಾಗಿಸಿ. ಮಳೆ ಬಿದ್ದು ಒಳಗೆ ಸ್ವಲ್ಪ ನೀರು ನಿಂತಿತ್ತು, ಸೀಡರಿನ ಎಲೆ ತೇಲುತ್ತಿತ್ತು.

ಇವರು ಅದನ್ನೇ ನೋಡುತ್ತಾ ನಿಂತರು. ಆಮೇಲೆ, ನನ್ನ ಕಡೆ ತಿರುಗದೆಯೇ, ನಂಜನಗೂಡಿನ ದೊಡ್ಡ ಜಾತ್ರೆಯ ಕತೆ ಹೇಳಿದರು. ಇವರಿಗೆ ಎಂಟು ವರ್ಷ. ಹುಟ್ಟಿದ ಮೇಲೆ ಕಂಡ ಮೊದಲ ಚಪ್ಪಲಿ, ಕೊಂಡು ಎರಡು ದಿನವಾಗಿತ್ತು. ದರ್ಶನ ಮುಗಿಸಿ ಬಂದರೆ ಇಲ್ಲ. ಅತ್ತೆಯವರಿಗೂ ಇದ್ದದ್ದು ಒಂದೇ ಜೊತೆ, ಊರಿಗೆ ಹೋಗುವಾಗ ಮಾತ್ರ ಹಾಕುವಂಥದ್ದು. ಅದನ್ನು ಬಿಚ್ಚಿ ಮಗನ ಕಾಲಿಗೆ ಹಾಕಿಸಿ, ತಾವು ಆ ಬಿಸಿಲಿನಲ್ಲಿ ಸ್ಟೇಷನ್ನಿನ ತನಕ ಬರಿಗಾಲಲ್ಲಿ ನಡೆದರಂತೆ. ಮನೆಯಲ್ಲಿ ಮಾವನವರ ಬೈಗುಳವೂ ಆಯಿತು. ರಾತ್ರಿ ಅಂಗಾಲಿಗೆ ಹರಳೆಣ್ಣೆ ತಿಕ್ಕಿಕೊಳ್ಳುತ್ತಾ ಅವರೇ ಹೇಳಿಕೊಟ್ಟರಂತೆ: "ಇನ್ನೊಂದ್ಸಲ ಒಂದಿಲ್ಲಿ ಬಿಡು, ಇನ್ನೊಂದಲ್ಲಿ ಬಿಡು ಮಗಾ. ಆಗ ಯಾರೂ ತಗೊಂಡು ಹೋಗಲ್ಲ."

ಮೂವತ್ತೆಂಟು ವರ್ಷ ಸಂಸಾರ ಮಾಡಿದ್ದೇನೆ, ಇದು ನನಗೆ ಗೊತ್ತಿರಲಿಲ್ಲ. ಏನಾದರೂ ಹೇಳಬೇಕೆನ್ನಿಸಿತು. ಅಷ್ಟರಲ್ಲಿ ಬಸ್ಸು ಬಂತು ಎಂದು ಮಗಳು ಕೂಗಿದಳು, ಇವರು ಓಡಿದರು, ಲೇಸು ಹಿಂದೆ ಓಡಿತು.

ಕನಿಕರ ಇಟ್ಟುಕೊಳ್ಳಲು ಸಮಯ ಸಿಗಲಿಲ್ಲ. ಮಠಕ್ಕೆ ಬಂದೊಡನೆ ಇವರು ಎಡ ಬೂಟನ್ನು ಬಾಗಿಲ ಕಪಾಟಿನ ಈ ತುದಿಗೆ, ಬಲ ಬೂಟನ್ನು ಆ ತುದಿಗೆ ಇಟ್ಟರು. ಐದೂವರೆಗೇ ಊಟ. ಕೆಂಪು ಅರಗಿನ ಮೆರುಗಿನ ಪುಟ್ಟ ಪೀಠಗಳ ಮೇಲೆ ಹತ್ತಾರು ಬಟ್ಟಲು, ಒಂದೊಂದರಲ್ಲೂ ಎರಡೆರಡು ತುತ್ತು. ನಡುವೆ ಬೂದುಬಣ್ಣದ ಚೌಕ ತುಂಡು, ನಡುಗುತ್ತಿತ್ತು. ಹಾಲುಬಾಯಿ! ಎಂದು ಇಬ್ಬರೂ ಒಟ್ಟಿಗೇ ಬಾಯಿಗಿಟ್ಟೆವು. ಸಿಹಿ ಇಲ್ಲ. ಅದು ಗೋಮಾದೋಫು, ಎಳ್ಳು ರುಬ್ಬಿ ಒಂದು ಗೆಡ್ಡೆಯ ಹಿಟ್ಟು ಹಾಕಿ ಕಾಯಿಸಿದ್ದು. ಬೆಲ್ಲವಿಲ್ಲದ ಹಾಲುಬಾಯಿ ಎಂದುಕೊಂಡರೆ ಚೆನ್ನಾಗಿತ್ತು. ಹೆಪ್ಪುಗಟ್ಟಿಸಿ ಒಣಗಿಸಿದ ಕೋಯಾ ತೋಫು ಈ ಬೆಟ್ಟದ ಚಳಿಯದೇ ಕೂಸು, ಸ್ಪಂಜಿನ ಹಾಗೆ ರಸ ಹೀರಿಕೊಂಡಿತ್ತು. ಇವರು ಎಡಗಡೆ ನೋಡಿ, ಬಲಗಡೆ ನೋಡಿ, ಜೇಬಿನಿಂದ ಚಟ್ನಿಪುಡಿಯ ಪೊಟ್ಟಣ ತೆಗೆದು ಅದರ ಮೇಲೆ ಉದುರಿಸಿಕೊಂಡರು. ಮಗಳು ಕಣ್ಣು ಮುಚ್ಚಿಕೊಂಡಳು.

ಊಟವಾದ ಮೇಲೆ ಇವರು ಬಾಗಿಲ ಕಡೆ ಹೋಗಿಬಂದರು. ಮುಖ ಗಂಭೀರ. "ಯಾರೋ ಕೈ ಹಾಕಿದ್ದಾರೆ."

"ಕಳುವಾಗಿದೆಯಾ?"

"ಇಲ್ಲ. ಎರಡೂ ಒಟ್ಟಿಗಿದೆ! ಮೂತಿ ಬಾಗಿಲ ಕಡೆ ತಿರುಗಿಸಿ ಇಟ್ಟಿದ್ದಾರೆ. ಎತ್ತಿಕೊಂಡು ಓಡೋಕೆ ಅನುಕೂಲ ಆಗಲಿ ಅಂತ."

ಅಲ್ಲಿ ಅತಿಥಿಗಳ ಬೂಟು ಜೋಡಿಸಿ, ಬೆಳಿಗ್ಗೆ ಹಾಕಿಕೊಳ್ಳಲು ಸುಲಭವಾಗಲಿ ಎಂದು ಹೊರಮುಖವಾಗಿ ತಿರುಗಿಸಿಡುವುದು ಮರ್ಯಾದೆ. ಮಗಳು ಎಷ್ಟು ಹೇಳಿದರೂ ಇವರು ಒಪ್ಪಲಿಲ್ಲ. ಹೋಗಿ ಮತ್ತೆ ಬೇರೆ ಮಾಡಿ ಬಂದರು. ಎಂಟು ಗಂಟೆಗೆ ಮತ್ತೆ ನೋಡಿದರೆ ಮತ್ತೆ ಒಟ್ಟಿಗೆ, ಮತ್ತೆ ಹೊರಮುಖ. ಒಬ್ಬರಿಗೊಬ್ಬರು ಎದುರಾಗದೆಯೇ, ಒಂದು ಮಾತೂ ಆಡದೆಯೇ, ಆ ಎಳೆಯ ಸ್ವಾಮಿಗಳೂ ನಮ್ಮ ಮನೆಯವರೂ ರಾತ್ರಿ ಹತ್ತರವರೆಗೆ ಈ ಯುದ್ಧ ಮಾಡಿದರು. ಅಲ್ಲಿ 1200 ವರ್ಷದ ಶಿಸ್ತು, ಇಲ್ಲಿ ನಂಜನಗೂಡು. ಕೊನೆಗೆ ಇವರು ಗೆದ್ದ ಮುಖದಲ್ಲಿ ಬಂದು ರಜಾಯಿ ಎಳೆದುಕೊಂಡರು. "ಈ ಸಲ ಬ್ರಹ್ಮನಿಗೂ ಸಿಗಲ್ಲ."

ಬೆಳಿಗ್ಗೆ ಆರಕ್ಕೆ ಪೂಜೆ. ಐದೂ ಮುಕ್ಕಾಲಿಗೆ ಟಾಯ್ಲೆಟ್ಟಿಗೆ ಓಡಿ, ಘಂಟೆ ಬಾರಿಸಿದ್ದು ಕೇಳಿ ಅಲ್ಲಿಂದ ನೇರ ಪೂಜೆಯ ಕೋಣೆಗೆ ಓಡಿದೆ. ಬಾಗಿಲಲ್ಲಿ ಎಲ್ಲರ ಸ್ಲಿಪ್ಪರುಗಳ ಸಾಲಿನಲ್ಲಿ ನನ್ನದನ್ನೂ ಬಿಟ್ಟು ಒಳಗೆ ಕೂತೆ. ಮೂಳೆ ಕೊರೆಯುವ ಚಳಿ. ಆಮೇಲೆ ಗೋಮಾ. ಗೋಮಾ ಎಂದರೆ ನಮ್ಮ ಹೋಮವೇ, ಹೆಸರೂ ಅದೇ ಸವೆದು ಗೋಮಾ ಆದದ್ದು. ಶಿಂಗೋನ್ ಎಂಬ ಈ ಪಂಥದ ಹೆಸರಿನ ಅರ್ಥವೇ ಮಂತ್ರ. ಸ್ವಾಮಿಗಳು ಬೆಂಕಿಗೆ ಸಮಿತ್ತು ಹಾಕುತ್ತಾ ಮಂತ್ರದ ಕೊನೆಗೆ "ಸೊವಾಕ" ಎನ್ನುತ್ತಿದ್ದರು. ಎರಡನೇ ಸಲಕ್ಕೇ ನಮ್ಮ ಮನೆಯವರು ನೆಟ್ಟಗೆ ಕೂತರು. ಮೂರನೆಯದಕ್ಕೆ ಅವರು "ಸೊವಾಕ" ಎಂದರೆ ಇವರು "ಸ್ವಾಹಾ". ಹೊಗೆ, ತುಪ್ಪವಿಲ್ಲದಿದ್ದರೂ ಅದೇ ಹೊಗೆ, ಅದೇ ಕಣ್ಣುರಿ. ಆ ಎಳೆಯ ಸ್ವಾಮಿಗಳು ಇತ್ತ ನೋಡಿ ಒಂದು ಕ್ಷಣ ನಕ್ಕ ಹಾಗಿತ್ತು.

ಹೀಗೆ ದೇಶದ ಮಾನ ಏರಿ ನಿಂತ ಹೊತ್ತಿನಲ್ಲಿ ಹೊರಡುವ ಸಮಯ ಬಂತು. ಬಾಗಿಲಲ್ಲಿ ಎಲ್ಲರ ಬೂಟೂ ಜೋಡಿ ಜೋಡಿಯಾಗಿ, ಹೊರಮುಖವಾಗಿ, ಪರೇಡಿನ ಹಾಗೆ. ನಡುವೆ ಇವರದೊಂದು ಎಡಗಾಲಿನದು, ಒಂಟಿ. ಬಲಗಾಲಿನದನ್ನು ಇವರು ರಾತ್ರಿ ಛತ್ರಿಗಳ ಡಬ್ಬದ ಹಿಂದೆ ತುರುಕಿದ್ದರಂತೆ. ಅಲ್ಲಿಲ್ಲ. "ನಾನು ಹೇಳಲಿಲ್ವಾ?" ಎಂದರು, ದನಿಯಲ್ಲಿ ದುಃಖಕ್ಕಿಂತ ಸಂಭ್ರಮವೇ ಹೆಚ್ಚು. ಮೂವತ್ತೆಂಟು ವರ್ಷದಲ್ಲಿ ಮೊದಲ ಕಳ್ಳ ಸಿಕ್ಕಿದ್ದ.

ಸ್ವಾಮಿಗಳು ಓಡಿ ಬಂದರು. ವಿಷಯ ತಿಳಿದು ಅವರ ಮುಖ ಬಿಳುಚಿತು. ಕಚೇರಿಯೊಳಗೆ ಹೋಗಿ ಎರಡೂ ಕೈಯಲ್ಲಿ ಒಂದು ತಟ್ಟೆ ಹಿಡಿದು ತಂದರು. ತಟ್ಟೆಯ ಮೇಲೆ ಬಿಳಿ ಬಟ್ಟೆ, ಬಟ್ಟೆಯ ಮೇಲೆ ಇವರ ಬಲಗಾಲಿನ ಬೂಟು, ಒರೆಸಿ, ಲೇಸನ್ನು ಒಳಗೆ ಮಡಚಿ. ಡಬ್ಬದ ಹಿಂದೆ ಸಿಕ್ಕ ಒಂಟಿ ಬೂಟು ಯಾರೋ ಹಿಂದಿನ ಅತಿಥಿ ಬಿಟ್ಟುಹೋದದ್ದೆಂದು ಎತ್ತಿಟ್ಟಿದ್ದರಂತೆ. ತಪ್ಪು ತಮ್ಮದೇ ಎಂದು ಬಗ್ಗಿದರು. ಇವರೂ ಬಗ್ಗಿದರು. ಅವರು ಇನ್ನೂ ಬಗ್ಗಿದರು. ಇದು ಮುಗಿಯುವ ಲಕ್ಷಣ ಕಾಣಲಿಲ್ಲ.

ನನಗೆ ಎಲ್ಲಿತ್ತೋ ಸಿಟ್ಟು. "ಅಲ್ರೀ, ನಾಚಿಕೆ ಆಗಲ್ವಾ? ಇಷ್ಟು ಶುಚಿಯಾದ ಜಾಗ, ಇಷ್ಟು ಒಳ್ಳೆ ಜನ! ಎಲ್ಲಿ ಏನು ಹಾಕ್ಕೋಬೇಕು, ಎಲ್ಲಿ ಏನು ಬಿಡಬೇಕು ಅನ್ನೋ ಜ್ಞಾನ ಬೇಡವಾ ಮನುಷ್ಯನಿಗೆ?" ಕನ್ನಡದಲ್ಲೇ ಬೈದೆ, ಆದರೆ ಬೈಗುಳಕ್ಕೆ ಅನುವಾದ ಬೇಕಾಗುವುದಿಲ್ಲ, ಸುತ್ತಲಿದ್ದವರೆಲ್ಲ ತಲೆ ತಗ್ಗಿಸಿದರು. ಬಗ್ಗಿದ್ದ ಸ್ವಾಮಿಗಳ ಕಣ್ಣು ಹೇಗೂ ನೆಲದ ಮೇಲಿತ್ತು. ಅಲ್ಲಿಂದ ಮೆಲ್ಲಗೆ ನನ್ನ ಪಾದಕ್ಕೆ ಬಂತು. ಅಲ್ಲೇ ನಿಂತಿತು.

"ಅಮ್ಮಾ," ಎಂದಳು ಮಗಳು, ಸತ್ತ ದನಿಯಲ್ಲಿ.

ಎಲ್ಲರದು ಕಂದು. ನನ್ನ ಕಾಲಿನದು ನೀಲಿ ರಬ್ಬರು. ಎರಡರ ಮೇಲೂ ಬಿಳಿ ಬಣ್ಣದಲ್ಲಿ ಮೂರು ಮೂರು ಅಕ್ಷರ. ಓದಲು ಬರದಿದ್ದರೂ ಆ ಕ್ಷಣದಲ್ಲಿ ನಾನು ಜಪಾನಿ ಕಲಿತೆ. ಅದನ್ನು ಮೆಟ್ಟಿಕೊಂಡೇ ಪೂಜೆಗೆ ಹೋಗಿದ್ದೆ, ಅದನ್ನೇ ದೇವರ ಬಾಗಿಲಲ್ಲಿ ಸಾಲಿನಲ್ಲಿ ಬಿಟ್ಟಿದ್ದೆ, ಅದನ್ನೇ ಮತ್ತೆ ಮೆಟ್ಟಿ ಇಲ್ಲಿ ನಿಂತು ಶುಚಿಯ ಬಗ್ಗೆ ಭಾಷಣ ಮಾಡುತ್ತಿದ್ದೆ. ಅತ್ತೆಯವರು ಮೇಲಿಂದ ನೋಡುತ್ತಿದ್ದರೆ ಹದಿನೆಂಟು ವರ್ಷದ ಮಾರ್ಕ್ಸ್ ಕಾರ್ಡನ್ನು ಅಲ್ಲೇ ಹರಿದಿರುತ್ತಾರೆ. ನಮ್ಮ ಮನೆಯವರು ಒಂದು ಮಾತೂ ಆಡಲಿಲ್ಲ. ನಿಧಾನವಾಗಿ ಕೂತು, ಬೂಟು ಹಾಕಿಕೊಂಡು, ಲೇಸನ್ನು ಅಚ್ಚುಕಟ್ಟಾಗಿ ಕಟ್ಟಿಕೊಂಡರು. ಆ ಇಡೀ ಪ್ರವಾಸದಲ್ಲಿ ಅವರು ಲೇಸು ಕಟ್ಟಿದ್ದು ಅದೊಂದೇ ಸಲ.

ಮಗಳು ನೀಲಿ ಸ್ಲಿಪ್ಪರಿನ ಫೋಟೋವನ್ನು ಫ್ಯಾಮಿಲಿ ಗ್ರೂಪಿಗೆ ಹಾಕಿದಳು. ಶಿವಮೊಗ್ಗದ ನಾದಿನಿ ಇವತ್ತಿಗೂ ಫೋನ್ ಮಾಡಿದರೆ ಮೊದಲು ಕೇಳುವುದು, "ಅತ್ತಿಗೆ, ಕಾಲಲ್ಲಿ ಏನಿದೆ?"

ಮೈಸೂರಿಗೆ ಬಂದ ಮೇಲೆ ಇವರು ಜಪಾನಿನಿಂದ ಕಲಿತದ್ದು ಒಂದೇ. ನಂಬಿಕೆಯನ್ನಲ್ಲ. ಮೊನ್ನೆ ಚಾಮುಂಡಿ ಬೆಟ್ಟದಲ್ಲೂ ಒಂದು ಇಲ್ಲಿ, ಇನ್ನೊಂದು ಅಲ್ಲಿ. ಕಲಿತದ್ದು ಬಚ್ಚಲಿಗೆ ಬೇರೆ ಚಪ್ಪಲಿ ಎಂಬುದನ್ನು. ದೇವರಾಜ ಮಾರ್ಕೆಟ್ಟಿನ ಕಡೆಯಿಂದ ಒಂದು ಜೊತೆ ತಂದು, "ಕೆಲವರಿಗೆ ಗೊತ್ತಾಗಲ್ಲ ನೋಡು" ಎನ್ನುತ್ತಾ ಮಾರ್ಕರಿನಲ್ಲಿ ಬರೆದರು. ಪೂರ್ತಿ ಪದವನ್ನು ಒಂದೊಂದರ ಮೇಲೂ ಬರೆಯಬಹುದಿತ್ತಲ್ಲ ಎಂದರೆ, ಒಂದು ಕಳುವಾದರೆ ಅರ್ಧ ಪದ ಇಟ್ಟುಕೊಂಡು ಕಳ್ಳ ಏನು ಮಾಡ್ತಾನೆ ಅಂದರು.

ಸೊಪ್ಪು ಬಿಡಿಸಿಟ್ಟು ಇದನ್ನು ಬರೆಯಲು ಕೂತಿದ್ದೇನೆ. ಬಚ್ಚಲ ಬಾಗಿಲಿನಿಂದ ಕೂಗು ಕೇಳಿಸುತ್ತಿದೆ.

"ಏನೇ, 'ಬಚ್ಚ' ಇಲ್ಲೇ ಇದೆ, 'ಲು' ಎಲ್ಲೇ?"

ಅಕ್ಕಿ ಡಬ್ಬದ ಹಿಂದೆ ಇದೆ. ಕೂಗಲಿ ಇನ್ನೊಂದಿಷ್ಟು ಹೊತ್ತು.